ಹೆಣ್ಣು ಮರಿ ಯಾರಿಗೂ ಬೇಡ

ನಾಯಿ ಸಾಕಿದೀನಿ ಅಂದ ತಕ್ಷಣ ಬೆಂಗಳೂರಿನವರು ಕೇಳೋ ಮೊದಲ ಪ್ರಶ್ನೆ, 'ಯಾವ ಬ್ರೀಡು?' ನಮ್ಮೂರ ಕಡೆಯವರು ಕೇಳೋದು, 'ಗಂಡೋ ಹೆಣ್ಣೋ?' ನನ್ನ ಉತ್ತರ ಕೇಳಿ ಇಬ್ಬರಿಗೂ ನಿರಾಸೆ. ಬ್ರೀಡು ಅಂತ ಏನೂ ಇಲ್ಲ, ಬೀದಿ ನಾಯಿ. ಅದರಲ್ಲೂ ಹೆಣ್ಣು. ಹೆಸರು ಕೆಂಪಿ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, 'ಅಲ್ಲ ಕಣೋ, ತರೋದು ತಂದೆ, ಒಂದು ಗಂಡು ಮರಿ ಸಿಗಲಿಲ್ವಾ? ನಾಳೆ ಇದು ಮರಿ ಹಾಕಿದ್ರೆ ಎಲ್ಲಿಗೆ ಬಿಟ್ಟು ಬರ್ತೀಯ?' ಅಂದ್ಲು.

ಗಮನಿಸಿ, ಅಮ್ಮ 'ಹೇಗೆ ಸಾಕ್ತೀಯ' ಅಂತ ಕೇಳಲಿಲ್ಲ. 'ಎಲ್ಲಿಗೆ ಬಿಟ್ಟು ಬರ್ತೀಯ' ಅಂತ ಕೇಳಿದ್ಲು. ಯಾಕಂದ್ರೆ ಊರಲ್ಲಿ ಅವಳು ಕಂಡಿದ್ದೇ ಅದು.

ನಮ್ಮದು ಅರಸೀಕೆರೆ ಕಡೆಯ ಹಳ್ಳಿ. ಅಲ್ಲಿ ನಾಯಿಗೆ ಓನರ್ ಅಂತ ಯಾರೂ ಇರಲಿಲ್ಲ, ಹಾಗಂತ ಅದು ಅನಾಥವೂ ಅಲ್ಲ. ಇಡೀ ಕೇರಿಗೆ ಸೇರಿದ್ದು. ಬೆಳಿಗ್ಗೆ ಒಬ್ಬರ ಮನೆ ತಂಗಳು, ರಾತ್ರಿ ಇನ್ನೊಬ್ಬರ ಮನೆ ಮುದ್ದೆ. ಮರಿ ಹಾಕಿದ್ರಂತೂ ಹುಡುಗರಾದ ನಮಗೆ ಹಬ್ಬ. ಬಾಣಂತಿ ನಾಯಿಗೆ ಅಂತ ಅಜ್ಜಿ ಬೇರೆಯಾಗಿ ಗಂಜಿ ಕಾಸೋರು. ಮರಿಗಳು ಓಡಾಡೋ ಹೊತ್ತಿಗೆ ತೋಟದವರು, ಕುರಿಯವರು ಬಂದು ಗಂಡು ಮರಿಗಳನ್ನ ಒಂದೊಂದಾಗಿ ಎತ್ಕೊಂಡು ಹೋಗೋರು. ಉಳಿಯೋದು ಹೆಣ್ಣು. ಒಂದು ಸಂಜೆ ಅವೆಲ್ಲ ಗೋಣಿಚೀಲ ಸೇರೋವು, ಚೀಲ ಸೈಕಲ್ ಕ್ಯಾರಿಯರ್ ಏರೋದು. 'ಹೈವೇ ಹೋಟ್ಲು ಹತ್ರ ಬಿಟ್ಟಿದೀನಿ, ಅನ್ನ ಸಿಗುತ್ತೆ, ಬದುಕ್ಕೊಳ್ತವೆ' ಅನ್ನೋರು ತಾತ. ತಾಯಿ ನಾಯಿ ಎರಡು ಮೂರು ದಿನ ಹುಲ್ಲಿನ ಮೆದೆ ಸುತ್ತ ಮೂಸಿಕೊಂಡು ಓಡಾಡೋದು.

ತಾತ ಕ್ರೂರಿ ಆಗಿರಲಿಲ್ಲ. ಎತ್ತು ಮೇವು ಬಿಟ್ರೆ ತಾವೂ ಊಟ ಬಿಡೋ ಮನುಷ್ಯ. ಆದರೆ ನಾಯಿಗೂ ಸಂತಾನಹರಣ ಆಪರೇಷನ್ ಮಾಡಿಸಬಹುದು ಅನ್ನೋ ಯೋಚನೆಯೇ ಊರಲ್ಲಿ ಯಾರಿಗೂ ಇರಲಿಲ್ಲ. ಪಶು ಆಸ್ಪತ್ರೆ ಇದ್ದಿದ್ದು ಹಸು, ಎಮ್ಮೆ, ಕುರಿಗೆ. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತೆ, ಗರ್ಭ ನಿಲ್ಲೋದು ಸುಮಾರು 63 ದಿನ, ಒಂದೊಂದು ಸಲಕ್ಕೂ ನಾಲ್ಕೈದು ಮರಿ. ಈ ಲೆಕ್ಕಕ್ಕೆ ಅವರ ಹತ್ತಿರ ಇದ್ದ ಉತ್ತರ ಗೋಣಿಚೀಲ ಒಂದೇ.

ನಗರದಲ್ಲಿ ನಮಗೆ ಎಲ್ಲಾ ಗೊತ್ತು. ಆದರೂ ನಾನು ಹೋಗಿದ್ದ ದತ್ತು ಶಿಬಿರದಲ್ಲಿ ಕಂಡಿದ್ದೂ ಅದೇ. ಮಧ್ಯಾಹ್ನದ ಹೊತ್ತಿಗೆ ಗಂಡು ಮರಿಗಳೆಲ್ಲ ಖಾಲಿ. ಪ್ಲಾಸ್ಟಿಕ್ ಟಬ್ಬಿನಲ್ಲಿ ಒಂದರ ಮೇಲೊಂದು ಮಲಗಿದ್ದ ಮೂರೂ ಹೆಣ್ಣು. 'ಪ್ರತಿ ಸಲವೂ ಹೀಗೇ ಸರ್' ಅಂದ್ರು ಅಲ್ಲಿದ್ದ ಹುಡುಗಿ. ಒಂದು ಫಾರ್ಮ್ ಕೊಟ್ಟರು. ಬಾಡಿಗೆ ಮನೆಯಾ? ಓನರ್ ಒಪ್ಪಿದಾರಾ? ಊರಿಗೆ ಹೋದಾಗ ಯಾರು ನೋಡ್ಕೋತಾರೆ? ನಾನು ಕೆಲಸಕ್ಕೆ ಸೇರುವಾಗ ಎಚ್ಆರ್ ಕೂಡ ಇಷ್ಟು ವಿಚಾರಿಸಿರಲಿಲ್ಲ. ಕೊನೆಯಲ್ಲಿ ಒಂದು ಸಾಲು: ವಯಸ್ಸಿಗೆ ಬಂದ ಮೇಲೆ ಸಂತಾನಹರಣ ಮಾಡಿಸುತ್ತೇನೆ. ಅದರ ಕೆಳಗೆ ಸಹಿ.

ಮಾಡಿಸಿದೆ. ಖರ್ಚು ಒಂದು ವೀಕೆಂಡ್ ಟ್ರಿಪ್ಪಿನಷ್ಟು. ಹತ್ತು ದಿನ ಕತ್ತಿಗೆ ಪ್ಲಾಸ್ಟಿಕ್ ಕಾಲರ್ ಹಾಕಿಕೊಂಡು, ಬಾಗಿಲಿಗೆಲ್ಲ ಡಿಕ್ಕಿ ಹೊಡೀತಾ, ಕೆಂಪಿ ನನ್ನ ಮೇಲೆ ಮುನಿಸಿಕೊಂಡಿದ್ಲು. ಆಮೇಲೆ ಎಂದಿನಂತೆ ಸ್ಟ್ಯಾಂಡಪ್ ಮೀಟಿಂಗ್ ಹೊತ್ತಿಗೇ ಬೊಗಳೋಕೆ ಶುರು ಮಾಡಿದ್ಲು.

ನಗರಕ್ಕೂ ಅದರದೇ ಗೋಣಿಚೀಲ ಇದೆ. ಅದರ ಹೆಸರು ಕಾರಿನ ಡಿಕ್ಕಿ. ಲಾಕ್‌ಡೌನ್‌ನಲ್ಲಿ ದುಡ್ಡು ಕೊಟ್ಟು ತಂದ ಬ್ರೀಡ್ ನಾಯಿಗಳು ಆಫೀಸು ತೆರೆದ ಮೇಲೆ ನಮ್ಮ ಲೇಔಟಿನ ಕೆರೆ ಏರಿ ಮೇಲೆ, ಕತ್ತಲ್ಲಿ ಬೆಲ್ಟಿನ ಸಮೇತ ನಿಂತಿದ್ದನ್ನ ನೋಡಿದೀನಿ. ಸಾಕಿದ ಪ್ರಾಣಿಯನ್ನ ಹಸಿವು, ಬಾಯಾರಿಕೆಗೆ ಬಿಟ್ಟು ಬರೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ಬರೆದಿರೋ ದಂಡ ಹೆಚ್ಚೆಂದರೆ 50 ರೂಪಾಯಿ. ನಮ್ಮ ಆಫೀಸಿನ ಕೆಳಗೆ ಅಷ್ಟಕ್ಕೆ ಒಂದು ಮಸಾಲೆ ದೋಸೆಯೂ ಬರಲ್ಲ. ಅಂದ್ರೆ ಈ ವಿಷಯದಲ್ಲಿ ಕಾನೂನಿಗೆ ಹೆದರಿ ಯಾರೂ ಸರಿಯಾಗಲ್ಲ, ನಮಗೇ ಅನ್ನಿಸಬೇಕು.

ಬೀದಿ ನಾಯಿ ಅಂದ್ರೆ ಭಯಪಡೋರನ್ನ ನಾನು ಹಗುರಾಗಿ ನೋಡಲ್ಲ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸೋದು ಹೆಚ್ಚೂಕಡಿಮೆ ಅಸಾಧ್ಯ. ಕಚ್ಚಿದ್ರೆ ಗಾಯವನ್ನ 15 ನಿಮಿಷ ಸೋಪು ಹಾಕಿ ಹರಿಯೋ ನೀರಲ್ಲಿ ತೊಳೆದು ಆವತ್ತೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ನಾಟಿ ಔಷಧಿ ಅಂತ ಕಾಯಬಾರದು. ಆದರೆ ಭಯಕ್ಕೂ ದಯೆಗೂ ಮದ್ದು ಒಂದೇ: ಸಂತಾನಹರಣ ಮತ್ತು ಲಸಿಕೆ. ಬಿಬಿಎಂಪಿ 2019ರಲ್ಲಿ ಎಣಿಸಿದಾಗ ಬೆಂಗಳೂರಲ್ಲಿ ಬೀದಿ ನಾಯಿಗಳು ಸುಮಾರು 3.10 ಲಕ್ಷ. 2023ರಲ್ಲಿ ಸುಮಾರು 2.79 ಲಕ್ಷ. ನಿಧಾನ, ಆದರೆ ಇಳಿದಿದೆ.

ಕಳೆದ ದಸರಾಕ್ಕೆ ಅಮ್ಮ ಬಂದಿದ್ಲು. ಮೊದಲ ದಿನ ಕೆಂಪಿ ಅಡುಗೆಮನೆ ಹೊಸಿಲು ದಾಟೋ ಹಾಗಿರಲಿಲ್ಲ. ನಾಲ್ಕನೇ ದಿನ ಅಮ್ಮನೇ ಮುದ್ದೆ ಆರಿಸಿ ಕೊಡ್ತಿದ್ಲು. ಹೊಟ್ಟೆಯ ಮೇಲಿನ ಗೆರೆ ಮುಟ್ಟಿ ನೋಡಿ, 'ನೋವಾಗಲ್ವೇನೋ?' ಅಂತ ಕೇಳಿದ್ಲು. ಊರಿಗೆ ಹೋದ ವಾರಕ್ಕೆ ಫೋನು: 'ತಾಲ್ಲೂಕು ಆಸ್ಪತ್ರೆ ಡಾಕ್ಟ್ರನ್ನ ಕೇಳಿದೆ. ಕರ್ಕೊಂಡು ಬನ್ನಿ, ಮಾಡ್ತೀನಿ ಅಂದ್ರು. ಆಟೋಗೆ ದುಡ್ಡು ಹಾಕು.' ಹಾಕಿದೆ. ಕೇರಿಯ ನಾಯಿ ಹೋಗಿ ಬಂತು. ಈಗ ಪಕ್ಕದ ಮನೆ ಚಿಕ್ಕಮ್ಮ ಅವರ ತೋಟದ ನಾಯಿಗೂ ದಿನ ಕೇಳ್ತಿದಾರಂತೆ.

ನಾಯಿ ಅಂದ್ರೆ 12-15 ವರ್ಷದ ಜವಾಬ್ದಾರಿ. ಆನ್‌ಸೈಟು, ಮದುವೆ, ಮಗು ಎಲ್ಲದರ ನಡುವೆಯೂ ಇಟ್ಕೋತೀನಿ ಅನ್ನೋ ಧೈರ್ಯ ಇದ್ರೆ ಮಾತ್ರ ತನ್ನಿ. ತಂದ್ರೆ ಹೆಣ್ಣು ಮರಿ ನೋಡಿ. ಆಗಲ್ಲ ಅಂದ್ರೂ ಪರವಾಗಿಲ್ಲ, ಬೇಜಾರು ಬೇಡ. ಆಪರೇಷನ್ ಆದ ಬೀದಿ ನಾಯಿಯ ಕಿವಿ ತುದಿಯಲ್ಲಿ ಗುರುತಿಗೆ ಚೂರು ಕತ್ತರಿಸಿರ್ತಾರೆ. ನಾಳೆ ಬೆಳಿಗ್ಗೆ ಹಾಲು ತರೋಕೆ ಹೋದಾಗ ನಿಮ್ಮ ರಸ್ತೆಯ ಹೆಣ್ಣು ನಾಯಿಗಳ ಕಿವಿ ನೋಡಿ. ಗುರುತು ಇಲ್ಲದಿದ್ರೆ ಪಾಲಿಕೆಯ ಸಹಾಯವಾಣಿಗೆ ಒಂದು ಫೋನು ಮಾಡಿ. ಒಂದೇ ಸಲಕ್ಕೆ ಬರಲಿಲ್ಲ ಅಂದ್ರೆ ಇನ್ನೊಂದು ಸಲ ಮಾಡಿ.