ಹೊಟ್ಟೆಯಿಲ್ಲದ ಪಿಟೀಲು

ನಮ್ಮ ಪಾಠಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಅಕ್ಕೋರಿಂದ ಅಪ್ಪಣೆ ಬಂದಾಗ ನನಗೆ ಮೊದಲು ನೆನಪಾದುದು, ಪ್ರಾರ್ಥನೆಯ ವೇಳೆಯಲ್ಲಿ ನಾನು ಪಿಟೀಲು ಹಿಡಿದು ನಿಲ್ಲುತ್ತಿದ್ದ ಮೂಲೆ. ಪಕ್ಕದಲ್ಲಿ ಹಾರ್ಮೋನಿಯಮ್ಮು, ಎದುರಿಗೆ ನೂರಾರು ಹುಡುಗಿಯರ ಕಂಠ. ನಾನು ತಪ್ಪು ಸ್ವರ ಹಿಡಿದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಸರಿಯಾಗಿ ನುಡಿಸಿದರೂ ತಿಳಿಯುತ್ತಿರಲಿಲ್ಲ. ಮೊದಲನೆಯದು ಆಗ ನನಗೆ ದೊಡ್ಡ ಸಮಾಧಾನವಾಗಿತ್ತು. ಎರಡನೆಯದರ ನೋವು ತಿಳಿದುದು ಬಹಳ ವರ್ಷಗಳ ತರುವಾಯ, ನನ್ನ ಮಗಳ ದೆಸೆಯಿಂದ.

ಆಕೆ ಅಂಕೋಲೆಯಿಂದ ಕಾರವಾರಕ್ಕೆ ವಾರಕ್ಕೆರಡು ದಿನ ಬಸ್ಸಿನಲ್ಲಿ ಹೋಗಿಬಂದು ನನ್ನ ಹಳೆಯ ಪಿಟೀಲಿನ ಮೇಲೆಯೇ ಅಭ್ಯಾಸ ಮಾಡಿದವಳು. ಕಾಲೇಜು ಸೇರಿದ ಮೇಲೆ ಗಿಟಾರು, ಡ್ರಮ್ಮುಗಳ ಒಂದು ಗೆಳೆಯರ ಮೇಳದಲ್ಲಿ ಕೂಡಿಕೊಂಡಳು. ಕಾರವಾರದ ಕಡಲದಂಡೆಯಲ್ಲಿ ಅವರ ಕಚೇರಿ ನಡೆದ ದಿನ ನಾನೂ ಹೋಗಿ ಮುಂದಿನ ಸಾಲಿನಲ್ಲಿ ಕುಳಿತಿದ್ದೆನು. ಮಗಳ ಕಮಾನು ಓಡಾಡುವುದು ಕಾಣುತ್ತಿತ್ತು. ನಾದ ಮಾತ್ರ ಕಿವಿಗೆ ಬೀಳಲಿಲ್ಲ. ಮೈಕನ್ನು ಏರಿಸಿದೊಡನೆ ಕಿವಿ ಸೀಳುವಂಥ ಕೂಗೆದ್ದಿತು. ಜನರು ನಕ್ಕರು.

"ಆಯಿ, ನನಗೊಂದು ವಿದ್ಯುತ್ ಪಿಟೀಲು ಬೇಕು" ಎಂದು ಆ ರಾತ್ರಿ ಕೇಳಿದಳು. ಅದರ ಚಿತ್ರವನ್ನೂ ತೋರಿಸಿದಳು. ಕೊರಳುಂಟು, ತಂತಿಯುಂಟು, ಹೊಟ್ಟೆಯೇ ಇಲ್ಲ! "ಇದು ಪಿಟೀಲಲ್ಲ, ಪಿಟೀಲಿನ ಎಲುಬು" ಎಂದುಬಿಟ್ಟೆನು. ಆಕೆ ಮರುಮಾತಾಡದೆ ಪೆಟ್ಟಿಗೆಯನ್ನು ಮುಚ್ಚಿ ಕಪಾಟಿನ ಮೇಲಿಟ್ಟಳು. ಮಳೆಗಾಲವೆಲ್ಲ ಅದು ಅಲ್ಲಿಯೇ ಇದ್ದಿತು. ನಮ್ಮ ಕರಾವಳಿಯ ತೇವವನ್ನು ವಾಚಕರಿಗೆ ಹೇಳಬೇಕಾದುದಿಲ್ಲ. ನವರಾತ್ರಿಯಲ್ಲಿ ತೆರೆದು ನೋಡಿದರೆ ಅಂಟು ಸಡಿಲಿ, ಬೆನ್ನಿನ ಹಲಗೆ ಅರ್ಧ ಬಿಟ್ಟುಕೊಂಡಿದ್ದಿತು. ಮಗಳು ಅಳಲಿಲ್ಲ, ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಆಮೇಲೆ ನಾನು ಕೇಳಿ, ಓದಿ ತಿಳಿದುಕೊಂಡೆನು. ಟೊಳ್ಳು ಮೈಯ ಪಿಟೀಲಿನ ಮುಂದೆ ಮೈಕನ್ನಿಟ್ಟರೆ ಧ್ವನಿವರ್ಧಕದ ಸದ್ದು ಆ ಮೈಯನ್ನೇ ನಡುಗಿಸಿ ಮರಳಿ ಮೈಕನ್ನು ಸೇರುತ್ತದೆ; ಆ ದಿನದ ಕೂಗು ಹಾಗೆ ಹುಟ್ಟಿದುದು. ವಿದ್ಯುತ್ ಪಿಟೀಲಿನಲ್ಲಿ ತಂತಿಗಳ ಕಂಪನವನ್ನು ಕುದುರೆಯ ಬಳಿಯಲ್ಲಿಯೇ ಹಿಡಿದು ವಿದ್ಯುತ್ತಾಗಿ ಮಾರ್ಪಡಿಸುವರು. ಆದಕಾರಣ ಹೊಟ್ಟೆ ಬೇಕಿಲ್ಲ. ಗಟ್ಟಿಮರವಾದರೆ ಕೂಗಿನ ಕಾಟವೂ ಕಡಿಮೆ. ಅಮೇರಿಕದ ಕಪ್ಪು ಜನರಲ್ಲಿ ಹುಟ್ಟಿದ ಜ್ಯಾಜಿನ ಮನೋಧರ್ಮವನ್ನೂ ರಾಕ್ ಸಂಗೀತದ ಆರ್ಭಟವನ್ನೂ ಬೆಸೆಯಹೊರಟವರಿಗೆ ಈ ವಾದ್ಯ ಚೆನ್ನಾಗಿ ಒದಗಿತು. ಆಂಗ್ಲ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ೧೯೭೧ರಲ್ಲಿ ಕಟ್ಟಿದ ಮಹಾವಿಷ್ಣು ಆರ್ಕೆಸ್ಟ್ರಾದಲ್ಲಿ ಜೆರ್ರಿ ಗುಡ್‌ಮನ್ ಪಿಟೀಲಿಗಿದ್ದರು. ೧೯೭೪ರಲ್ಲಿ ಫ್ರಾನ್ಸಿನ ಜ್ಯಾಂ-ಲುಕ್ ಪಾಂಟಿ ಬಂದರು. ಆ ಗಿಟಾರಿಗೂ ಬಿಲ್ಲಿ ಕೋಬಮ್‌ರ ಡ್ರಮ್ಮಿಗೂ ಎದುರಾಗಿ ಗುಡ್‌ಮನ್‌ರ ಪಿಟೀಲು ಹೆಗಲೆಣೆಯಾಗಿ ನಿಂತುದನ್ನು ಮಗಳ ಧ್ವನಿಮುದ್ರಿಕೆಯಲ್ಲಿ ಕೇಳಿದೆನು. ಎಲ್ಲವೂ ರುಚಿಸಿತೆಂದು ಹೇಳಲಾರೆ. ಅದೇ ಮೆಕ್‌ಲಾಫ್ಲಿನ್ ಬಳಿಕ ನಮ್ಮ ಎಲ್. ಶಂಕರ್, ಜಾಕಿರ್ ಹುಸೇನರೊಡನೆ 'ಶಕ್ತಿ' ಮೇಳದಲ್ಲಿ ಮರದ ವಾದ್ಯಗಳಿಗೆ ಮರಳಿದುದು ನನ್ನಂಥವರಿಗೆ ತುಸು ನೆಮ್ಮದಿ. ಆದರೆ ಶಂಕರರೇ ಮುಂದೆ ಎರಡು ಕೊರಳಿನ, ಹತ್ತು ತಂತಿಯ ವಿದ್ಯುತ್ ಪಿಟೀಲನ್ನು ಹಿಡಿದರು!

ನನ್ನ ಹಟವನ್ನು ಮುರಿದವರು ಇವರಾರೂ ಅಲ್ಲ, ತಿರುಮಕೂಡಲಿನ ಚೌಡಯ್ಯನವರು. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ಕೇಳಿಸಬೇಕೆಂದು ನಾಲ್ಕು ತಂತಿಗೆ ಮೂರನ್ನು ಕೂಡಿಸಿದವರು ಅವರು. ಅವರ ಹೆಸರಿನ ಪಿಟೀಲಿನಾಕಾರದ ಭವನ ೧೯೮೦ರಿಂದ ಬೆಂಗಳೂರಿನಲ್ಲಿದೆ. ಅದನ್ನು ಕಂಡು ನಾನು ಹೆಮ್ಮೆಪಟ್ಟವಳೇ. ಚೌಡಯ್ಯನವರಂತೆ ಏಳು ತಂತಿಯನ್ನು ನುಡಿಸಿದ ಆರ್. ಆರ್. ಕೇಶವಮೂರ್ತಿಗಳಲ್ಲಿ ಕಲಿತ ಬೆಂಗಳೂರಿನ ಜ್ಯೋತ್ಸ್ನಾ ಶ್ರೀಕಾಂತರು ಲಂಡನ್ನಿನಲ್ಲಿ ನೆಲೆಸಿ ಜ್ಯಾಜ್ ವಾದಕರೊಡನೆ ನುಡಿಸುತ್ತಾರೆಂಬುದನ್ನೂ ಮಗಳೇ ತಿಳಿಸಿದಳು. ಮೈಸೂರಿನ ಒಬ್ಬ ವಿದ್ವಾಂಸರು ಕೇಳಿಸಬೇಕೆಂದು ತಂತಿ ಹೆಚ್ಚಿಸಿದರೆ ಕೀರ್ತಿ, ನನ್ನ ಮನೆಯ ಹುಡುಗಿ ಅದನ್ನೇ ಬಯಸಿದರೆ ಎಲುಬೆಂಬ ನಿಂದೆ! ನಾನು ಬಳೆಗಾಗಿ ಕೂಡಿಟ್ಟಿದ್ದ ಹಣವನ್ನು ತೆಗೆದುಕೊಟ್ಟೆನು.

ಹೊಸ ವಾದ್ಯದಿಂದ ಮನೆಯಲ್ಲಿ ಗದ್ದಲವಾಗುವುದೆಂದು ಅಂಜಿದ್ದೆನು. ಆದುದು ಬೇರೆ. ಧ್ವನಿವರ್ಧಕಕ್ಕೆ ಕೂಡಿಸದಿದ್ದರೆ ಅದರ ಸದ್ದು ಪಕ್ಕದ ಕೋಣೆಗೂ ಮುಟ್ಟದು. ಮಗಳು ಕಿವಿಗೆ ಹೆಡ್‌ಫೋನು ಹಾಕಿಕೊಂಡು ನಡುರಾತ್ರಿಯವರೆಗೆ ನುಡಿಸುವಳು. ಹೊರಗಿನವರಿಗೆ ಕಮಾನಿನ ಸಣ್ಣ ಸರಸರ ಮಾತ್ರ. ಹಳೆಯ ಪಿಟೀಲಿಗೂ ಬೆನ್ನು ಅಂಟಿಸಿ ತರಿಸಿದ್ದೇವೆ. ಈಗ ಬೇರೊಂದು ಬಗೆಯ ದನಿ ಕೊಡುತ್ತದೆ, ಕೊಂಚ ಮೂಗಿನದು.

ಕಳೆದ ಆಷಾಢದ ಒಂದು ರಾತ್ರಿ ಹೆಂಚಿನ ಮೇಲೆ ಮಳೆ ಸುರಿಯುತ್ತಿದ್ದಾಗ, "ಆಯಿ, ನೀನೊಮ್ಮೆ ನುಡಿಸು" ಎಂದು ಆ ಎಲುಬನ್ನು ನನ್ನ ಕೈಗಿತ್ತು ಹೆಡ್‌ಫೋನನ್ನು ನನ್ನ ಕಿವಿಗಿಟ್ಟಳು. ಬೆರಳುಗಳು ತಾವಾಗಿಯೇ ಶಾಲೆಯ ಬೆಳಗಿನ ಪ್ರಾರ್ಥನೆಯ ಸ್ವರಗಳಿಗೆ ಹೋದವು. ಹಾರ್ಮೋನಿಯಮ್ಮಿಲ್ಲ, ಹುಡುಗಿಯರಿಲ್ಲ, ಮಳೆಯೂ ಇಲ್ಲ. ಮೂರನೆಯ ಸಾಲಿನಲ್ಲಿ ಮೊದಲಿನಿಂದಲೂ ಒಂದು ಸ್ವರವನ್ನು ತಪ್ಪಾಗಿ ಹಿಡಿಯುತ್ತಿದ್ದೆನೆಂದು ಅಂದು ನನಗೆ ತಿಳಿಯಿತು.