ಫುಟ್‌ಪಾತ್ ಮುಗಿದ ಜಾಗ

ಪುಟಾಣಿಗಳೇ, ಅಮೆರಿಕಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ನಯಾಗರ ಜಲಪಾತದ ಬಗ್ಗೆಯೋ ಗೋಲ್ಡನ್ ಗೇಟ್ ಸೇತುವೆಯ ಬಗ್ಗೆಯೋ ಬರೆಯುತ್ತಾರೆ. ನಾನು ಹೇಳಹೊರಟಿರುವುದು ಅಲ್ಲಿನ ಒಂದು ಕೈಗಾರಿಕಾ ಪ್ರದೇಶದ ರಸ್ತೆಯ ಕಥೆ. ಅದನ್ನು ನೋಡಲು ಯಾವ ಪ್ರವಾಸಿಯೂ ಹೋಗುವುದಿಲ್ಲ.

ನನ್ನ ಮಗಳ ಮನೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಪಕ್ಕದ ಊರೊಂದರಲ್ಲಿದೆ. ಸಿಲಿಕಾನ್ ವ್ಯಾಲಿ ಎನ್ನುತ್ತಾರಲ್ಲ, ಅದೇ ಸೀಮೆ. ಕಂಪ್ಯೂಟರ್ ಬರುವ ಮೊದಲು ಅಲ್ಲೆಲ್ಲ ಏಪ್ರಿಕಾಟ್, ಪ್ಲಮ್ ಹಣ್ಣಿನ ತೋಟಗಳಿದ್ದವು. ಈಗ ಆ ಜಾಗದಲ್ಲಿ ಉದ್ದುದ್ದನೆಯ ತಗ್ಗು ಕಟ್ಟಡಗಳು. ಅಂಥ ಒಂದು ಖಾಲಿ ಕಟ್ಟಡಕ್ಕೆ ನನ್ನ ಮೊಮ್ಮಗಳು ಪುಟ್ಟಿಯ ಶಾಲೆ ಹೋಗಬೇಕೆಂದಿತ್ತು.

ಅವಳದು ಚಾರ್ಟರ್ ಶಾಲೆ. ಖರ್ಚು ಸರ್ಕಾರದ್ದು, ಮಕ್ಕಳಿಗೆ ಫೀಸಿಲ್ಲ. ನಡೆಸುವವರು ಮಾತ್ರ ಬೇರೆ ಮಂಡಳಿಯವರು. ಮಕ್ಕಳಿಗೆ ಏನು ಕಲಿಸುತ್ತೇವೆ ಎಂದು ಕರಾರು ಬರೆದುಕೊಟ್ಟು ಶಾಲೆ ತೆರೆಯುತ್ತಾರೆ. ಆ ಕರಾರಿಗೇ ಚಾರ್ಟರ್ ಎಂದು ಹೆಸರು. 1991ರಲ್ಲಿ ಮಿನ್ನೆಸೋಟ ರಾಜ್ಯ ಇದಕ್ಕೆ ಮೊದಲು ಕಾನೂನು ಮಾಡಿತು, ಮರುವರ್ಷ ಕ್ಯಾಲಿಫೋರ್ನಿಯಾ ಮಾಡಿತು. ಸೀಟಿಗಿಂತ ಅರ್ಜಿ ಹೆಚ್ಚಾದರೆ ಚೀಟಿ ಎತ್ತುತ್ತಾರೆ. ಪುಟ್ಟಿಗೆ ಸೀಟು ಸಿಕ್ಕಿದ್ದೂ ಹಾಗೆಯೇ.

ಆದರೆ ಆ ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಚರ್ಚೊಂದರ ಕೋಣೆಗಳಲ್ಲಿ ಪಾಠ ನಡೆಯುತ್ತಿತ್ತು. ಶುಕ್ರವಾರ ಸಂಜೆ ಮಕ್ಕಳೇ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗಿಡಬೇಕು. ಕೈಗಾರಿಕಾ ಪ್ರದೇಶದ ಕಟ್ಟಡವಾದರೋ ವಿಶಾಲ, ಬಾಡಿಗೆಯೂ ಕೈಗೆಟುಕುವಂಥದ್ದು.

ಅಡ್ಡಿ ಇದ್ದದ್ದು ನಕ್ಷೆಯಲ್ಲಿ. ಅಲ್ಲಿ ಊರಿನ ನಕ್ಷೆಗೆ ಬಣ್ಣ ಹಾಕಿಟ್ಟಿರುತ್ತಾರೆ. ಮನೆಗಳಿಗೆ ಒಂದು ಬಣ್ಣ, ಅಂಗಡಿಗಳಿಗೆ ಒಂದು, ಕಾರ್ಖಾನೆಗಳಿಗೆ ಇನ್ನೊಂದು. 1926ರಲ್ಲಿ ಒಹಾಯೋ ರಾಜ್ಯದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಈ ಪದ್ಧತಿಯನ್ನು ಎತ್ತಿಹಿಡಿದಿತ್ತು. ಕಾರ್ಖಾನೆ ಬಣ್ಣದ ಜಾಗಕ್ಕೆ ಶಾಲೆ ಬರಬೇಕಾದರೆ ವಿಶೇಷ ಅನುಮತಿ ಬೇಕು. ಅದಕ್ಕೆ ಮೊದಲು ಊರವರ ಮಾತು ಕೇಳುವ ಸಭೆ ನಡೆಯುತ್ತದೆ.

ಮಗಳ ಜೊತೆ ನಾನೂ ಹೋದೆ. ಯಾರು ಬೇಕಾದರೂ ಚೀಟಿ ಬರೆದುಕೊಟ್ಟು ಮೂರು ನಿಮಿಷ ಮಾತಾಡಬಹುದು. ಕೆಂಪು ದೀಪ ಹತ್ತಿದರೆ ನಿಲ್ಲಿಸಬೇಕು. ತಂದೆತಾಯಂದಿರು ಶಾಲೆ ಬೇಕೆಂದರು. ಆಮೇಲೆ ಆ ಕಟ್ಟಡದ ಎದುರಿನ ವರ್ಕ್‌ಶಾಪಿನ ಮಾಲೀಕರು ಎದ್ದರು. "ಶಾಲೆಯ ಮೇಲೆ ನನಗೆ ದ್ವೇಷವಿಲ್ಲ. ಮೂವತ್ತು ವರ್ಷದಿಂದ ಇಲ್ಲಿದ್ದೇನೆ. ಮಕ್ಕಳು ಬಂದ ಮೇಲೆ ನನ್ನ ಮೆಷಿನ್ನಿನ ಸದ್ದು, ನನ್ನ ಲಾರಿ ಎಲ್ಲವೂ ತಪ್ಪಾಗಿ ಕಾಣುತ್ತದೆ. ಆಗ ಜಾಗ ಬಿಡಬೇಕಾದವನು ನಾನೇ ಅಲ್ಲವೇ?" ಎಂದರು.

ಮಗಳು ಮುಖ ಗಂಟಿಕ್ಕಿದಳು. ನನಗೆ ಮಾತ್ರ ಪೀಣ್ಯ ನೆನಪಾಯಿತು. ಅಲ್ಲಿನ ಬ್ಯಾಂಕ್ ಶಾಖೆಯಲ್ಲಿ ಏಳು ವರ್ಷ ಗುಮಾಸ್ತನಾಗಿದ್ದೆ. ಒಂದು ಲೇತ್ ಮೆಷಿನ್ನಿಗೆ ಸಾಲ ಮಾಡಿ, ಎಣ್ಣೆ ಮೆತ್ತಿದ ಕೈಯಲ್ಲೇ ಕಂತು ಕಟ್ಟಲು ಬರುತ್ತಿದ್ದವರನ್ನು ಕಂಡವನು. ಆ ಮನುಷ್ಯನ ಭಯ ಸುಳ್ಳಲ್ಲ.

ತೀರ್ಮಾನ ಎರಡು ವಾರ ಮುಂದಕ್ಕೆ ಹೋಯಿತು. ರಜೆಯ ದಿನ ಬೆಳಿಗ್ಗೆ ನಾನೂ ಪುಟ್ಟಿಯೂ ಆ ರಸ್ತೆಗೆ ನಡೆದೆವು. ಮುಕ್ಕಾಲು ಗಂಟೆ ನಿಂತು ಲಾರಿ ಎಣಿಸಿದೆವು. ನಾಲ್ಕು ಗೀಟು, ಐದನೆಯದು ಅಡ್ಡ. ಒಟ್ಟು ಇಪ್ಪತ್ತಮೂರು ಲಾರಿ. ಆಮೇಲೆ ಪುಟ್ಟಿ ನಾನು ನೋಡದ್ದನ್ನು ನೋಡಿದಳು.

"ತಾತ, ಫುಟ್‌ಪಾತ್ ಇಲ್ಲಿಗೇ ಮುಗಿದುಹೋಯಿತು!"

ನಿಜ. ಶಾಲೆಯ ಗೇಟಿಗೆ ಇನ್ನೂ 180 ಹೆಜ್ಜೆ ಇತ್ತು. ಅಷ್ಟು ದೂರ ಲಾರಿಗಳ ರಸ್ತೆಯಲ್ಲೇ ನಡೆಯಬೇಕು. ಕಾರಿನಲ್ಲಿ ಬಂದು ಜಾಗ ನೋಡಿದ್ದ ದೊಡ್ಡವರು ಯಾರೂ ಅದನ್ನು ಗಮನಿಸಿರಲಿಲ್ಲ.

ಇದನ್ನು ಸಭೆಯಲ್ಲಿ ಹೇಳುತ್ತೇನೆ ಎಂದಳು ಪುಟ್ಟಿ. ಮಗಳಿಗೆ ಇಷ್ಟವಾಗಲಿಲ್ಲ. "ಅಪ್ಪ, ನಾವೇ ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಗುತ್ತೆ, ನೀವಾದರೂ ಹೇಳಿ" ಎಂದಳು. ನಾನು ಏನೂ ಹೇಳಲಿಲ್ಲ. ಪುಟ್ಟಿ ಹೋಗಿ ಮಾತಾಡಿದಳು. "ನಮಗೆ ಶಾಲೆ ಬೇಕು. ಆದರೆ ಫುಟ್‌ಪಾತ್ ಗೇಟಿನವರೆಗೆ ಇಲ್ಲ. 180 ಹೆಜ್ಜೆ. ಅದು ನಮ್ಮ ತಾತನ ಹೆಜ್ಜೆ, ನನ್ನದಾದರೆ ಇನ್ನೂ ಜಾಸ್ತಿ." ಒಂದು ನಿಮಿಷವೂ ಆಗಿರಲಿಲ್ಲ.

ಏಳು ಸದಸ್ಯರಲ್ಲಿ ಮೂವರು ಅನುಮತಿ ಕೊಡೋಣ ಎಂದರು, ನಾಲ್ವರು ಬೇಡವೆಂದರು.

ಕಾರಿನಲ್ಲಿ ಯಾರಿಗೂ ಮಾತಿಲ್ಲ. ಪುಟ್ಟಿ ಮೆಲ್ಲಗೆ ಕೇಳಿದಳು: "ನಾನು ಹೇಳಿದ್ದರಿಂದಲೇ ಸೋತೆವಾ ತಾತ?"

ಇಲ್ಲ ಎನ್ನುವುದು ಸುಲಭವಿತ್ತು. ಆದರೆ ನನಗೆ ಗೊತ್ತಿರಲಿಲ್ಲ. ಅದಕ್ಕೆ ಹಳೆಯ ಕಥೆ ಹೇಳಿದೆ. ಒಂದು ಸಂಜೆ ನಮ್ಮ ಶಾಖೆಯ ಕ್ಯಾಶಿನಲ್ಲಿ ಹತ್ತು ರೂಪಾಯಿ ಕಡಿಮೆ ಬಂತು. ಜೇಬಿನಿಂದ ಹಾಕಿ ಮನೆಗೆ ಹೋಗೋಣ ಎಂದೆ ನಾನು. ಹಿರಿಯ ಕ್ಯಾಶಿಯರ್ ಒಪ್ಪಲಿಲ್ಲ. ರಾತ್ರಿ ಎಂಟರವರೆಗೆ ಹುಡುಕಿದಾಗ ತಪ್ಪು ಸಿಕ್ಕಿತು, ಒಂದಲ್ಲ, ಎರಡು. ಯಾರಿಗೋ ಸಾವಿರ ರೂಪಾಯಿ ಹೆಚ್ಚು ಕೊಟ್ಟಿದ್ದೆವು. ಒಬ್ಬ ಮುದುಕಮ್ಮ ಕಟ್ಟಿದ್ದ 990 ರೂಪಾಯಿಯನ್ನು ಲೆಕ್ಕಕ್ಕೆ ಬರೆದೇ ಇರಲಿಲ್ಲ.

ಪುಟ್ಟಿ ಬೆರಳು ಮಡಿಸಿ ಲೆಕ್ಕ ಹಾಕಿದಳು. "ನೀವು ಹತ್ತು ರೂಪಾಯಿ ಹಾಕಿಬಿಟ್ಟಿದ್ದರೆ ಆ ಅಜ್ಜಿ ದುಡ್ಡು ಹೋಗ್ತಿತ್ತು!"

"ಹೌದು. ಆವತ್ತು ನಮಗೆ ಕೊನೆಯ ಬಸ್ಸು ತಪ್ಪಿತು" ಎಂದೆ. ಮುಂದೆ ಕೂತಿದ್ದ ಮಗಳು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕಳು.

ಶಾಲೆ ಈಗಲೂ ಚರ್ಚಿನ ಕೋಣೆಗಳಲ್ಲೇ ಇದೆ, ಬೇರೆ ಕಟ್ಟಡ ಹುಡುಕುತ್ತಿದ್ದಾರೆ. ಈ ಶುಕ್ರವಾರ ಕುರ್ಚಿ ಪೇರಿಸುವ ಸರದಿ ಪುಟ್ಟಿಯದಂತೆ.

ಮಕ್ಕಳೇ, ನಿಮ್ಮ ಶಾಲೆಯ ದಾರಿಯಲ್ಲಿ ಫುಟ್‌ಪಾತ್ ಎಲ್ಲಿ ಮುಗಿಯುತ್ತದೆ? ಒಂದು ದಿನ ತಾತನನ್ನೋ ಅಜ್ಜಿಯನ್ನೋ ಕರೆದುಕೊಂಡು ನಡೆದು ನೋಡಿ. ಹೆಜ್ಜೆ ಎಣಿಸುವುದನ್ನು ಮರೆಯಬೇಡಿ.