ಕಾಡಿನವನಿಗೊಂದು ಮನೆ

ನಾನು ವೃತ್ತಿಯಿಂದ ಎಂಜಿನಿಯರ್. ಮೂವತ್ತನಾಲ್ಕು ವರ್ಷಗಳ ಕಾಲ ಸರ್ಕಾರದ ಸೇವೆಯಲ್ಲಿದ್ದು ಸೇತುವೆ, ಶಾಲೆ, ಆಸ್ಪತ್ರೆ, ಪ್ರವಾಸಿ ಮಂದಿರಗಳನ್ನು ಕಟ್ಟಿಸಿದವನು. ಕಟ್ಟಡ ಬೀಳಬಾರದು, ಸೋರಬಾರದು, ಒಳಗಿರುವವರಿಗೆ ಅಪಾಯ ತಟ್ಟಬಾರದು. ಇಷ್ಟಾದರೆ ನನ್ನ ಧರ್ಮ ಮುಗಿಯಿತು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಈ ನಂಬಿಕೆಯನ್ನು ಅಲುಗಿಸಿದವರು ಯಾವ ಪಂಡಿತರೂ ಅಲ್ಲ; ನನ್ನ ತಲೆಯ ಮೇಲೆ ಸುಮಾರು 50 ಅಡಿ ಎತ್ತರದಲ್ಲಿ ತಂತಿಹಗ್ಗ ಹಿಡಿದು ನಿಧಾನವಾಗಿ ದಾಟಿಹೋದ ಒಂದು ಕೆಂಗೂದಲಿನ ವಾನರ.

ಅದನ್ನು ಹೇಳುವ ಮೊದಲು ಅಮ್ಮನ ಕೋಣೆಯ ವಿಷಯ ಹೇಳಬೇಕು. ಅಮ್ಮ ತೀರ್ಥಹಳ್ಳಿಯ ಕಡೆಯವಳು. ಎಂಬತ್ತು ದಾಟುವವರೆಗೂ ತೋಟ, ಕೊಟ್ಟಿಗೆ, ಹಿತ್ತಿಲು ಎಂದು ಓಡಾಡಿಕೊಂಡಿದ್ದವಳು. ಒಂದು ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಚಿಕಿತ್ಸೆ ಮುಗಿದ ಮೇಲೆ ಅವಳನ್ನು ಬೆಂಗಳೂರಿಗೆ ಕರೆತಂದು, ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಒಂದು ಕೋಣೆಯನ್ನು ಸಿದ್ಧಪಡಿಸಿದೆ. ಜಾರದ ನೆಲ, ಬಚ್ಚಲಿನಲ್ಲಿ ಹಿಡಿಕೆಗಳು, ಹಾಸಿಗೆಯ ಪಕ್ಕದಲ್ಲಿ ಕರೆಗಂಟೆ, ಎದುರಿಗೆ ಟೆಲಿವಿಷನ್, ಮೂಲೆಯಲ್ಲಿ ಮೇಲಿನಿಂದ ನೋಡುವ ಒಂದು ಪುಟ್ಟ ಕ್ಯಾಮೆರಾ. ಅಡಿಗೆಮನೆಯಲ್ಲಿ ಬೆಂಕಿಯಿದೆ, ಮಾಳಿಗೆಗೆ ಮೆಟ್ಟಿಲಿದೆ. ಆದ್ದರಿಂದ ಎರಡೂ ನಿಷಿದ್ಧ. ಬಂದ ನೆಂಟರೆಲ್ಲ ಆ ಕೋಣೆಯನ್ನು ನೋಡಿ ಮೆಚ್ಚಿದರು. ಅಮ್ಮ ಮಾತ್ರ ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡಿದಳು. ಹಗಲಿನಲ್ಲಿಯೂ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಮಲಗತೊಡಗಿದಳು. ಬೆಳಕು ಕಣ್ಣಿಗೆ ಚುಚ್ಚುತ್ತಿರಬೇಕೆಂದು ತಿಳಿದು ನಾನು ಕಿಟಕಿಗೆ ದಪ್ಪ ಪರದೆ ಹಾಕಿಸಿದೆ!

2017ರ ಬೇಸಿಗೆಯಲ್ಲಿ, ಅಮ್ಮನನ್ನು ನನ್ನ ಪತ್ನಿಯ ವಶಕ್ಕೆ ಒಪ್ಪಿಸಿ, ವಾಷಿಂಗ್ಟನ್ನಿನಲ್ಲಿರುವ ಮಗನ ಮನೆಗೆ ಆರು ವಾರಗಳ ಮಟ್ಟಿಗೆ ಹೋಗಿದ್ದೆ. ಅಲ್ಲಿನ ರಾಷ್ಟ್ರೀಯ ಮೃಗಾಲಯಕ್ಕೆ ಮೊಮ್ಮಗಳು ನನ್ನನ್ನು ಕೈಹಿಡಿದು ಕರೆದೊಯ್ದಳು. ದಾರಿಯಲ್ಲಿ ನಡೆಯುತ್ತಿದ್ದಂತೆ, "ಅಜ್ಜಾ, ಮೇಲೆ ನೋಡು!" ಎಂದು ಕೂಗಿದಳು. ನೋಡಿದೆ. ಜನ ಓಡಾಡುವ ದಾರಿಯ ಮೇಲುಗಡೆಯೇ ಎತ್ತರದ ಗೋಪುರಗಳು. ಗೋಪುರದಿಂದ ಗೋಪುರಕ್ಕೆ ದಪ್ಪ ತಂತಿಹಗ್ಗ. ಅದರ ಮೇಲೆ ಒಂದು ಒರಾಂಗುಟಾನ್, ಯಾವ ಅವಸರವೂ ಇಲ್ಲದೆ, ಒಂದು ಕೈ ಬಿಟ್ಟು ಒಂದು ಕೈ ಹಿಡಿದು ಸಾಗುತ್ತಿದೆ! ನನ್ನ ಎದೆ ಝಲ್ಲೆಂದಿತು. ಇಷ್ಟು ಅಜಾಗರೂಕತೆಯ ನಕ್ಷೆಗೆ ಸಹಿ ಹಾಕಿದ ಎಂಜಿನಿಯರ್ ಯಾರಿರಬಹುದು ಎಂಬುದೇ ನನಗೆ ಬಂದ ಮೊದಲ ಯೋಚನೆ.

ವಿಚಾರಿಸಿದಾಗ ತಿಳಿಯಿತು, ಅದು ಅಜಾಗರೂಕತೆಯಲ್ಲ, ಬಹು ಜಾಗರೂಕವಾದ ಏರ್ಪಾಡು ಎಂದು. 1995ರಲ್ಲಿ ಆರಂಭವಾದ ಈ ವ್ಯವಸ್ಥೆಗೆ 'ಓ ಲೈನ್' ಎಂದು ಹೆಸರು. ವಾನರಗಳ ಎರಡು ಕಟ್ಟಡಗಳ ನಡುವೆ ಸುಮಾರು 490 ಅಡಿ ಉದ್ದದ ಆಕಾಶಮಾರ್ಗ. ಗೋಪುರಗಳಿಂದ ಕೆಳಗಿಳಿಯದಂತೆ ಅಲ್ಲಲ್ಲಿ ಸಣ್ಣ ವಿದ್ಯುದಾಘಾತ ಕೊಡುವ ತಂತಿಗಳನ್ನು ಸುತ್ತಿದ್ದಾರೆ. ಒರಾಂಗುಟಾನ್ ಹುಟ್ಟಾ ಮರವಾಸಿ; ಎತ್ತರದಲ್ಲಿ ಹಿಡಿತ ಬಿಡುವ ಪ್ರಾಣಿಯಲ್ಲ. ಆದರೆ ನನ್ನನ್ನು ತಡೆದು ನಿಲ್ಲಿಸಿದ ಸಂಗತಿ ಬೇರೆ. ದಾಟಬೇಕೆಂದು ಅವನ್ನು ಯಾರೂ ಅಟ್ಟುವುದಿಲ್ಲ. ಮನಸ್ಸಾದರೆ ಈ ಕಟ್ಟಡ, ಮನಸ್ಸಾದರೆ ಆ ಕಟ್ಟಡ, ಎರಡೂ ಬೇಡವಾದರೆ ನಡುವಿನ ಗೋಪುರದ ಮೇಲೆ ಕುಳಿತು ಕೆಳಗಿನ ಮನುಷ್ಯರ ಜಾತ್ರೆಯನ್ನು ನೋಡಬಹುದು. ಆ ದಿನ ನಮ್ಮ ವಾನರ ಮಾಡಿದ್ದೂ ಅದನ್ನೇ.

ಮರಳುವ ಮುನ್ನ ಕುತೂಹಲ ತಡೆಯಲಾರದೆ ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದೆ. ಮಲಯ ಭಾಷೆಯಲ್ಲಿ 'ಒರಾಂಗ್' ಎಂದರೆ ಮನುಷ್ಯ, 'ಹುತಾನ್' ಎಂದರೆ ಕಾಡು. ಬೋರ್ನಿಯೋ ಮತ್ತು ಸುಮಾತ್ರಾ ದ್ವೀಪಗಳ ಈ ಕಾಡುಮನುಷ್ಯ ಬಾಳಿನ ಬಹುಪಾಲನ್ನು ಮರಗಳ ಮೇಲೆಯೇ ಕಳೆಯುತ್ತಾನೆ. ಬೆಳೆದ ಗಂಡು 90 ಕಿಲೋಗ್ರಾಂ ತೂಗುವುದುಂಟು. ಚಾಚಿದ ತೋಳುಗಳ ಅಳತೆ ಏಳು ಅಡಿ. ಹಗಲೆಲ್ಲ ಹಣ್ಣು ಹುಡುಕುವ ಕೆಲಸ. ಸಂಜೆಯಾದರೆ ಕೊಂಬೆಗಳನ್ನು ಬಾಗಿಸಿ, ಎಲೆ ಹಾಸಿ, ಅಂದಿನ ರಾತ್ರಿಗೆ ಒಂದು ಹೊಸ ಹಾಸಿಗೆ ಕಟ್ಟುವ ಕೆಲಸ. ತಾಯಿಯ ಬಳಿ ಮರಿ ಏಳೆಂಟು ವರ್ಷ ಇದ್ದು ಇದನ್ನೆಲ್ಲ ಕಲಿಯುತ್ತದೆ.

ಇಂಥವನಿಗೆ ಹಿಂದಿನ ಕಾಲದ ಮೃಗಾಲಯಗಳು ಕೊಟ್ಟದ್ದೇನು? ಸಿಮೆಂಟಿನ ನೆಲ, ಹೆಂಚು ಹೊದಿಸಿದ ಗೋಡೆ, ಕಬ್ಬಿಣದ ಸರಳು. ರೋಗ ಬರಬಾರದು, ತೊಳೆಯಲು ಸುಲಭವಾಗಿರಬೇಕು, ನೋಡುವವರಿಗೆ ಮರೆಯಿರಬಾರದು. ಊಟ ತಟ್ಟೆಯಲ್ಲಿ ಬರುತ್ತದೆ, ಐದು ನಿಮಿಷದಲ್ಲಿ ಮುಗಿಯುತ್ತದೆ; ಉಳಿದ ಹಗಲೆಲ್ಲ ಮಾಡಲು ಏನೂ ಇಲ್ಲ. ಪ್ರಾಣಿ ಬೊಜ್ಜು ಬೆಳೆಸಿಕೊಂಡು ಮಂಕಾಗಿ ಕುಳಿತುಕೊಳ್ಳುತ್ತದೆ. ಅದು ತೊಳೆಯುವವನಿಗೂ ನೋಡುವವನಿಗೂ ಒಪ್ಪುವಂತೆ ಕಟ್ಟಿದ ಮನೆ, ಒಳಗೆ ಬಾಳುವವನಿಗಾಗಿ ಕಟ್ಟಿದ್ದಲ್ಲ.

ಹಾಗೆಂದು ಭದ್ರತೆಯನ್ನು ಹಗುರಾಗಿ ಎಣಿಸುವಂತಿಲ್ಲ. 1968ರಲ್ಲಿ ಅಮೆರಿಕದ ಒಮಾಹಾ ಮೃಗಾಲಯದ ಫೂ ಮಾಂಚು ಎಂಬ ಒರಾಂಗುಟಾನ್ ಮತ್ತೆ ಮತ್ತೆ ಹೊರಗೆ ಕಾಣಿಸಿಕೊಂಡು ಪಾಲಕರನ್ನು ಕಂಗೆಡಿಸಿತು. ಕೊನೆಗೆ ನೋಡಿದರೆ, ಒಂದು ತುಂಡು ತಂತಿಯನ್ನು ತುಟಿಯ ಒಳಗೆ ಅಡಗಿಸಿಟ್ಟುಕೊಂಡು ಅದರಿಂದ ಬಾಗಿಲಿನ ಅಗುಳಿಯನ್ನು ಬಿಡಿಸುತ್ತಿತ್ತು! ಸ್ಯಾನ್ ಡಿಯಾಗೋ ಮೃಗಾಲಯದ ಕೆನ್ ಆಲನ್ 1985ರಲ್ಲಿ ಮೂರು ಸಲ ಆವರಣದ ಗೋಡೆಯನ್ನು ಹತ್ತಿ ಹೊರಬಂದ. ಯಾರಿಗೂ ಕೇಡು ಮಾಡಲಿಲ್ಲ. ಪ್ರೇಕ್ಷಕರ ನಡುವೆ ತಿರುಗಾಡಿ ಉಳಿದ ಪ್ರಾಣಿಗಳನ್ನು ನೋಡಿಕೊಂಡಿದ್ದ. ಅಧಿಕಾರಿಗಳು ಬಂಡೆ ಹತ್ತುವುದರಲ್ಲಿ ನುರಿತವರನ್ನು ಕರೆಸಿ, ಗೋಡೆಯಲ್ಲಿ ಕೈಗೆ ಕಾಲಿಗೆ ಆಸರೆಯಾಗುವ ಬಿರುಕುಗಳನ್ನು ಹುಡುಕಿಸಿ ಮುಚ್ಚಿಸಬೇಕಾಯಿತು. ಗುತ್ತಿಗೆದಾರರ ಕೆಲಸದಲ್ಲಿ ತಪ್ಪು ಹುಡುಕುವುದರಲ್ಲಿ ನಾನು ಸವೆಸಿದ ವರ್ಷಗಳನ್ನು ನೆನೆದು, ಕೆನ್ ಆಲನ್‌ನಂಥ ಒಬ್ಬ ಸಹಾಯಕ ನನಗೂ ಇದ್ದಿದ್ದರೆ ಎಂದುಕೊಂಡೆ.

ಕಂದಕ ತೋಡಿ ನೀರು ತುಂಬಿದರೆ ಸಾಕೆನ್ನುವಂತಿಲ್ಲ. ಈಜು ಬಾರದ ಪ್ರಾಣಿ ಅದರಲ್ಲಿ ಮುಳುಗಬಹುದು. ಆದ್ದರಿಂದ ಅಂಚು ಇಳಿಜಾರಾಗಿರಬೇಕು, ಹಿಡಿದು ಮೇಲೇರಲು ಹಗ್ಗವೋ ಬಲೆಯೋ ಇರಬೇಕು. ಹಗ್ಗದ ಎಳೆ ಬಿಚ್ಚಿಕೊಂಡರೆ ಬೆರಳು ಸಿಕ್ಕಿಕೊಳ್ಳುತ್ತದೆ. ಅದನ್ನು ಆಗಾಗ ಪರೀಕ್ಷಿಸಬೇಕು. ನಮ್ಮ ನೆಗಡಿ ಕೆಮ್ಮುಗಳು ಅವಕ್ಕೂ ಅಂಟುತ್ತವೆ. ಜನರಿಗೂ ಅವಕ್ಕೂ ನಡುವೆ ಗಾಜೋ ದೂರವೋ ಬೇಕು.

ಇಷ್ಟು ಭದ್ರತೆಯ ಒಳಗೆ, ಒಳ್ಳೆಯ ಮೃಗಾಲಯಗಳು ಈಗ ಇನ್ನೊಂದನ್ನು ಸೇರಿಸುತ್ತಿವೆ. ಅಗಲಕ್ಕಿಂತ ಎತ್ತರ ಮುಖ್ಯವೆಂದು ಅರಿತು ಮೇಲುಮೇಲಕ್ಕೆ ಅಟ್ಟಣೆ ಕಟ್ಟುತ್ತಾರೆ. ಕಾಡಿನ ಕೊಂಬೆ ಭಾರಕ್ಕೆ ತೂಗುವಂತೆ, ಇಲ್ಲಿಯ ಆಸರೆಗಳೂ ತೂಗಾಡಬೇಕೆಂದು, ಅಗ್ನಿಶಾಮಕ ದಳದವರು ಬಳಸಿ ಬಿಟ್ಟ ನೀರಿನ ಕೊಳವೆಗಳನ್ನು ಹೆಣೆದು ಜೋಲಿ ಮಾಡುತ್ತಾರೆ. ಊಟವನ್ನು ತಟ್ಟೆಯಲ್ಲಿಡದೆ ಮೂಲೆ ಮೂಲೆಗೆ ಚದುರಿಸಿ ಬಚ್ಚಿಡುತ್ತಾರೆ. ಕಿರಿದಾದ ರಂಧ್ರದಲ್ಲಿ ಜೇನು ತುಂಬಿ, ಕಡ್ಡಿ ಹಾಕಿ ತೆಗೆದುಕೊ ಎಂದು ಬಿಡುತ್ತಾರೆ. ಸಂಜೆ ಹಾಸಿಗೆ ಕಟ್ಟಿಕೊಳ್ಳಲು ಸೊಪ್ಪು, ಹುಲ್ಲು, ಗೋಣಿಚೀಲ ಕೊಡುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಬೇಡವೆನಿಸಿದಾಗ ಪರರ ಕಣ್ಣಿಂದ ಮರೆಯಾಗಲು ಒಂದು ತಾಣವಿಡುತ್ತಾರೆ. ಒರಾಂಗುಟಾನ್ ಗುಂಪಿನ ಪ್ರಾಣಿಯಲ್ಲ, ಏಕಾಂತಪ್ರಿಯ.

ಈ ಕೊನೆಯ ಮಾತು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಅದೇ ದಿನ ಮೃಗಾಲಯದ ಒಳಮನೆಯಲ್ಲಿ ಗಾಜಿನ ಆಚೆ ಒಂದು ಮುದಿ ಒರಾಂಗುಟಾನ್ ಕುಳಿತಿತ್ತು. ಮಕ್ಕಳು ಗುಂಪುಗೂಡಿದರು. ಅದು ನಮ್ಮನ್ನು ಒಮ್ಮೆ ನೋಡಿ, ಪಕ್ಕದಲ್ಲಿದ್ದ ಗೋಣಿಚೀಲವನ್ನು ಎಳೆದುಕೊಂಡು, ತಲೆ ಮುಖ ಮುಚ್ಚುವಂತೆ ಹೊದ್ದು ಕುಳಿತಿತು. ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಆ ರಾತ್ರಿ ಎಂದಿನಂತೆ ಮಗ ತನ್ನ ಫೋನಿನಲ್ಲಿ ಬೆಂಗಳೂರಿನ ಕೋಣೆಯ ಚಿತ್ರವನ್ನು ತೆರೆದು, "ನೋಡಪ್ಪಾ, ಅಜ್ಜಿ ಆರಾಮಾಗಿ ಮಲಗಿದ್ದಾರೆ" ಎಂದ. ಅಲ್ಲಿ ಹಗಲು. ಅಮ್ಮ ಕ್ಯಾಮೆರಾಕ್ಕೆ ಬೆನ್ನು ಮಾಡಿ, ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದಳು. ಬೆಳಕು ಚುಚ್ಚುತ್ತದೆಂದು ನಾನು ಹಾಕಿಸಿದ ಪರದೆ ಮುಚ್ಚಿಯೇ ಇತ್ತು. ಕೋಣೆಯಲ್ಲಿ ಬೆಳಕೇ ಇರಲಿಲ್ಲ.

ಊರಿಗೆ ಬಂದ ಮರುದಿನವೇ ಕ್ಯಾಮೆರಾವನ್ನು ಕಳಚಿದೆ. ಹಿಡಿಕೆಗಳನ್ನು ಕೀಳಲಿಲ್ಲ, ಇನ್ನಷ್ಟು ಹಾಕಿಸಿದೆ, ಆದರೆ ಈ ಸಲ ಕೋಣೆಯಿಂದ ಅಡಿಗೆಮನೆಯವರೆಗೆ, ಅಡಿಗೆಮನೆಯಿಂದ ಹಿಂದಿನ ಅಂಗಳದವರೆಗೆ. ಅಂಗಳದಲ್ಲಿ ಬಗ್ಗದೆ ಕೈಗೆ ಎಟುಕುವಂತೆ ಸೊಂಟದೆತ್ತರದ ಕಟ್ಟೆ ಕಟ್ಟಿಸಿ ಮಣ್ಣು ತುಂಬಿಸಿದೆ. ಏನು ನೆಡಬೇಕೆಂದು ಹೇಳಲಿಲ್ಲ. ಒಂದು ವಾರ ಅಮ್ಮ ಅದರ ಕಡೆ ತಿರುಗಿಯೂ ನೋಡಲಿಲ್ಲ. ಎಂಟನೆಯ ದಿನ ಒಂದೆಲಗದ ಬಳ್ಳಿ ಎಲ್ಲಿ ಸಿಗುತ್ತದೆಂದು ಕೇಳಿದಳು. ತಿಂಗಳು ಕಳೆಯುವಷ್ಟರಲ್ಲಿ ಅಡಿಗೆಮನೆಯ ಬೆಂಚಿನ ಮೇಲೆ ಕುಳಿತು ತಂಬುಳಿಗೆ ಉಪ್ಪು ಹೆಚ್ಚಾಯಿತೆಂದು ಸೊಸೆಯೊಡನೆ ವಾದ ಹೂಡಿದಳು. ಆ ವಾದ ನನ್ನ ಕಿವಿಗೆ ಮಂಗಳವಾದ್ಯದಂತೆ ಕೇಳಿಸಿತು. ಎರಡು ಸಲ ಮುಗ್ಗರಿಸಿದಳೆಂಬುದನ್ನೂ ಮುಚ್ಚಿಡಲಾರೆ. ಎರಡು ಸಲವೂ ಹಿಡಿಕೆ ಕಾಪಾಡಿತು. ನನ್ನ ಭಯ ಪೂರ್ತಿ ಹೋಗಿಲ್ಲ, ಹೋಗಬಾರದು ಕೂಡ.

ಈ ಬದಲಾವಣೆಗೆ ಗುರು ಯಾರೆಂದು ಹೇಳಲು ಬಹಳ ದಿನ ಅಂಜಿದೆ. ಕೊನೆಗೊಮ್ಮೆ ಹೇಳಿದಾಗ ಅಮ್ಮ ಕೋಪಿಸಿಕೊಳ್ಳಲಿಲ್ಲ. "ಕಾಡಿನ ಮನುಷ್ಯ ಅಂತಲೇ ಹೆಸರು ಅಂದೆಯಲ್ಲ ಮಾರಾಯ? ಹಾಗಾದರೆ ನಮ್ಮ ಕಡೆಯವನೇ ಅನ್ನು" ಎಂದು ನಕ್ಕಳು.

2021ರಲ್ಲಿ ಸಿಂಗಪುರ ಮತ್ತು ಮಲೇಷ್ಯಾಗಳಿಂದ ಒರಾಂಗುಟಾನ್‌ಗಳು ಮೈಸೂರಿನ ಮೃಗಾಲಯಕ್ಕೆ ಬಂದವು. ಮರುವರ್ಷ ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ನೋಡಲು ಹೋದೆವು. ಅಭ್ಯಾಸಬಲದಿಂದ ನಾನು ಗೋಡೆಯ ಎತ್ತರವನ್ನೂ ಅಂಚುಗಳನ್ನೂ ಕಣ್ಣಲ್ಲೇ ಅಳೆಯುತ್ತಿದ್ದೆ. ಅಮ್ಮ ಬಹಳ ಹೊತ್ತು ಸುಮ್ಮನೆ ನೋಡಿ, ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದಳು:

"ಇವಕ್ಕೆ ಹಗಲೆಲ್ಲ ಮಾಡೋದಕ್ಕೆ ಏನು ಕೆಲಸ ಕೊಟ್ಟಿದ್ದಾರಂತೆ?"

ಮೂವತ್ತನಾಲ್ಕು ವರ್ಷಗಳಲ್ಲಿ ನಾನು ಪರಿಶೀಲಿಸಿದ ಯಾವ ನಕ್ಷೆಯ ಮುಂದೆಯೂ ನಾನು ಕೇಳದೆ ಹೋದ ಪ್ರಶ್ನೆ ಅದು.